ಮೂರು ಪೀಪಾಯಿಯಲ್ಲಿ ಅಡಗಿ ಕೂತಿದ್ದ ಜನಜಾತ್ರೆ!

1994. ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯ ಬ್ಲ್ಯಾಕ್‌ಬರ್ನ್ ಪಟ್ಟಣ. ಹಳೆಯ ಅಂಗಡಿಯೊಂದನ್ನು ಕೆಡವುತ್ತಿದ್ದಾರೆ. ನೆಲಮಾಳಿಗೆಗೆ ಇಳಿದ ಕೆಲಸಗಾರರಿಗೆ ಮೂರು ಲೋಹದ ಪೀಪಾಯಿ ಕಂಡವು. ನೋಡಲು ಹಾಲಿನ ಕ್ಯಾನಿನ ಹಾಗೆ. ಇಟ್ಟಿಗೆ ಚೂರಿನ ಜೊತೆ ಕಸಕ್ಕೆ ಹೋಗಬೇಕಿದ್ದವು. ಮುಚ್ಚಳ ತೆಗೆದು ನೋಡಿದರು!

ಒಳಗೇನಿತ್ತು, ಊಹಿಸಿ. ನಾಣ್ಯವೆ? ಅಲ್ಲ. ಮದ್ದುಗುಂಡೆ? ಅದೂ ಅಲ್ಲ. ಪುಟ್ಟ ಪುಟ್ಟ ಫಿಲ್ಮ್ ಸುರುಳಿಗಳು!

ಎಷ್ಟಿದ್ದವು ಅಂತೀರಿ? ಇಪ್ಪತ್ತು? ನೂರು? ಇನ್ನೂ ಏರಿ. ಇನ್ನೂ! 800ಕ್ಕೂ ಹೆಚ್ಚು! ಅದೂ ನಕಲುಗಳಲ್ಲ ಸ್ವಾಮಿ, ಕ್ಯಾಮೆರಾದೊಳಗೇ ಓಡಿದ ಮೂಲ ನೆಗೆಟಿವ್‌ಗಳು. 1900ರಿಂದ 1913ರೊಳಗೆ ತೆಗೆದವು!

ಇದು ಎಂಥ ಪವಾಡ ಗೊತ್ತೆ? ಆ ಕಾಲದ ಫಿಲ್ಮು ನೈಟ್ರೇಟ್. ಬೆಂಕಿ ಹತ್ತಿದರೆ ನೀರಿಗೂ ಜಗ್ಗದು, ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಹೊರಬಿಡುತ್ತದೆ! ಬೆಂಕಿ ತಾಗದಿದ್ದರೂ ಕಾಲ ಬಿಡುವುದಿಲ್ಲ. ಅಂಟಂಟಾಗಿ, ಕೊಳೆತು, ಕೊನೆಗೆ ಪುಡಿ. ನಮ್ಮ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರದು. ಅದರ ಒಂದು ಪ್ರತಿಯೂ ಉಳಿದಿಲ್ಲ. ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದಕ್ಕಿಂತ ಇಪ್ಪತ್ತು ಮೂವತ್ತು ವರ್ಷ ಹಳೆಯವು ಇಲ್ಲಿ, ಒಂದು ಅಂಗಡಿಯ ಕೆಳಗೆ, ಉಸಿರು ಹಿಡಿದು ಕೂತಿದ್ದವು!

ಅಂಗಡಿ ಯಾರದು? ಸಾಗರ್ ಮಿಚೆಲ್ ಎಂಬಾತನದು. (ಹೌದು, ಹೆಸರು ಸಾಗರ್ ಅಂತಲೇ! ಅಪ್ಪಟ ಇಂಗ್ಲಿಷಿನವನು.) ಜೇಮ್ಸ್ ಕೆನ್ಯನ್ ಜೊತೆ ಸೇರಿ ಅವನು ಚಿತ್ರ ತೆಗೆಯುತ್ತಿದ್ದ.

ಈಗ ಹೇಳಿ, ಆ ಚಿತ್ರಗಳ ನಾಯಕ ಯಾರು? ರಾಜನೆ? ಸೇನಾಪತಿಯೆ? ನಟನೆ?

ಪಾಳಿ ಮುಗಿಸಿ ಮನೆಗೆ ಹೊರಟ ಹತ್ತಿಗಿರಣಿಯ ಕೂಲಿಗಳು!

ಗೇಟು ತೆರೆಯುತ್ತದೆ. ಜನ ಪ್ರವಾಹದಂತೆ ನುಗ್ಗುತ್ತಾರೆ. ತಲೆಗೆ ಶಾಲು ಹೊದ್ದ ಹೆಂಗಸರು, ಟೋಪಿ ಹಾಕಿದ ಗಂಡಸರು, ಕಾಲಲ್ಲಿ ಮರದ ಅಟ್ಟೆಯ ಮೆಟ್ಟು. ಒಬ್ಬಳು ನಾಚಿ ಮುಖ ತಿರುಗಿಸುತ್ತಾಳೆ. ಒಬ್ಬ ಟೋಪಿ ಎತ್ತಿ ಬೀಸುತ್ತಾನೆ. ಚಿಕ್ಕ ಹುಡುಗರು ಓಡೋಡಿ ಬಂದು ಕ್ಯಾಮೆರಾದ ಎದುರೇ ನಿಲ್ಲುತ್ತಾರೆ! ಆ ಹುಡುಗರ ವಯಸ್ಸು ನೋಡಿ. ಹನ್ನೆರಡಾದರೆ ಸಾಕು, ಅರ್ಧ ದಿನ ಶಾಲೆ, ಅರ್ಧ ದಿನ ಗಿರಣಿ. ಕಾನೂನೇ ಒಪ್ಪಿದ್ದ ಪದ್ಧತಿ ಅದು! ಪುಸ್ತಕದಲ್ಲಿ ಎಷ್ಟು ಸಲ ಓದಿದರೂ, ನಗುತ್ತ ಹಲ್ಲು ತೋರಿಸುವ ಆ ಮುಖ ಕಂಡಾಗಿನಷ್ಟು ತಟ್ಟುವುದಿಲ್ಲ.

ಕೂಲಿಗಳನ್ನು ಯಾಕೆ ಚಿತ್ರಿಸಿದರು? ಇಲ್ಲಿದೆ ಗುಟ್ಟು! ದುಡ್ಡು ಕೊಟ್ಟು ತೆಗೆಸುತ್ತಿದ್ದವರು ಜಾತ್ರೆಯ ಡೇರೆಯವರು. ಹಗಲು ಗೇಟಿನ ಮುಂದೆ ಕ್ಯಾಮೆರಾ, ರಾತ್ರಿ ಡೇರೆಯಲ್ಲಿ ಪರದೆ. ನಿಮ್ಮನ್ನು ನೀವೇ ನೋಡಿಕೊಳ್ಳಿ, ಬನ್ನಿ! ಯಾರು ತಾನೆ ಬಿಟ್ಟಾರು? ಎಷ್ಟು ಮುಖವೋ ಅಷ್ಟು ಟಿಕೆಟ್ಟು! ಅದಕ್ಕೇ ಕೆಲವು ಚಿತ್ರಗಳಲ್ಲಿ ಡೇರೆಯವನೇ ನಡುವೆ ನುಗ್ಗಿ, ಕೈ ಆಡಿಸಿ, ಜನರನ್ನು ಕ್ಯಾಮೆರಾದ ಮುಂದೆ ತಳ್ಳುತ್ತಾನೆ. ನಮ್ಮ ಟೂರಿಂಗ್ ಟಾಕೀಸಿನ ತಮಟೆ, ಕೂಗು ಕಂಡವರಿಗೆ ಈ ಮನುಷ್ಯ ಹಳೆಯ ಪರಿಚಯದವನೇ.

ಪೀಪಾಯಿಗಳು ಬ್ಲ್ಯಾಕ್‌ಬರ್ನ್‌ನ ಸಿನಿಮಾ ಹುಚ್ಚಿನ ಪೀಟರ್ ವರ್ಡನ್ ಕೈಸೇರಿದವು. 2000ದಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಅವನ್ನು ಪಡೆಯಿತು. ಒಟ್ಟು ಓಟ? 28 ಗಂಟೆ!

ಆದರೆ ಇದು ಯಾವ ಗಿರಣಿ, ಯಾವ ಬೀದಿ, ಯಾವ ದಿನ? ಹೇಳುವವರು ಯಾರು?

ಷೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಜಾತ್ರೆಗಳಿಗೆಂದೇ ಒಂದು ದಾಖಲೆ ಸಂಗ್ರಹವಿದೆ, ಆಗಿನ ಹೆಸರು ನ್ಯಾಷನಲ್ ಫೇರ್‌ಗ್ರೌಂಡ್ ಆರ್ಕೈವ್. ಅಲ್ಲಿ ಈ ಕೆಲಸ ಕೈಗೆತ್ತಿಕೊಂಡ ವನೆಸಾ ಟೂಲ್ಮಿನ್ ಸ್ವತಃ ಜಾತ್ರೆಯ ಮನೆತನದಲ್ಲಿ ಹುಟ್ಟಿದವರು! ಶುರುವಾಯಿತು ಪತ್ತೇದಾರಿ. ಅಂಗಡಿಯ ಫಲಕ ಓದು. ಗೋಡೆಯ ಭಿತ್ತಿಪತ್ರ ಓದು. ಹಳೆಯ ಪತ್ರಿಕೆಯ ಜಾತ್ರೆ ಜಾಹೀರಾತಿನ ಜೊತೆ ತಾಳೆ ನೋಡು. ಊರೂರಿನ ಸ್ಥಳೀಯ ಇತಿಹಾಸದ ಆಸಕ್ತರನ್ನು ಕೇಳು. ನನಗೆ ಮೈ ಜುಮ್ಮೆನ್ನುವುದು ಇಲ್ಲೇ! ಆ ಚಿಮಣಿ ಯಾವ ಗಿರಣಿಯದು ಅನ್ನುವುದು ಆ ಊರಿನವರಿಗೇ ಅಲ್ಲವೆ ಚೆನ್ನಾಗಿ ಗೊತ್ತಿರುವುದು?

ಹೊರಬಿದ್ದ ಬೆರಗುಗಳೋ! ಡಿಸೆಂಬರ್ 1902ರ ಒಂದು ಫುಟ್‌ಬಾಲ್ ಪಂದ್ಯ, ಬರ್ನ್ಲಿ ತಂಡದ ಎದುರು ಆಡುತ್ತಿರುವವರು ಯಾರು? ಮ್ಯಾಂಚೆಸ್ಟರ್ ಯುನೈಟೆಡ್! ಆ ತಂಡದ ನಮಗೆ ಗೊತ್ತಿರುವ ಅತ್ಯಂತ ಹಳೆಯ ಚಲನಚಿತ್ರ. ಆ ಹೆಸರು ಬಂದು ಇನ್ನೂ ವರ್ಷವೂ ತುಂಬಿರಲಿಲ್ಲ. ಮಿಚೆಲ್-ಕೆನ್ಯನ್ ಜೋಡಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ‘ದೃಶ್ಯ’ಗಳನ್ನೂ ತೆಗೆದಿತ್ತು. ಎಲ್ಲಿ? ಬ್ಲ್ಯಾಕ್‌ಬರ್ನ್ ಸುತ್ತಲಿನ ಬಯಲಲ್ಲಿ!

2005ರಲ್ಲಿ ಬಿಬಿಸಿ ಇವನ್ನು ಟಿವಿಗೆ ತಂದಿತು. ಚಿತ್ರದಲ್ಲಿದ್ದ ಕೆಲವರ ವಂಶದವರನ್ನು ಹುಡುಕಿ ಕರೆತಂದು ತೋರಿಸಿತು. ಯೋಚಿಸಿ! ಫೋಟೋದಲ್ಲಿ ಮಾತ್ರ ಕಂಡಿದ್ದ ಹಿರಿಯರು ನಡೆಯುತ್ತಾರೆ, ನಗುತ್ತಾರೆ, ತಿರುಗಿ ನೋಡುತ್ತಾರೆ!

ನೀವೂ ನೋಡಬಹುದು, ಇಂಟರ್ನೆಟ್ಟಿನಲ್ಲಿ ಹಲವು ಸಿಗುತ್ತವೆ. ಒಂದೊಂದೂ ಎರಡು ಮೂರು ನಿಮಿಷ. ಮೊದಲ ಸಲ ಗುಂಪನ್ನು ನೋಡಿ. ಎರಡನೆಯ ಸಲ ಅಂಚಿನಲ್ಲಿ ನಿಂತ ಒಬ್ಬರನ್ನೇ ಹಿಡಿಯಿರಿ, ಪರದೆಯಿಂದ ಮರೆಯಾಗುವವರೆಗೂ ಕಣ್ಣು ತೆಗೆಯಬೇಡಿ. ನಾನು ಒಬ್ಬ ಹುಡುಗನನ್ನು ಹಿಡಿದೆ. ದೊಡ್ಡವರ ನಡುವೆ ಸಿಕ್ಕಿ ಕಾಣೆಯಾದ. ಮತ್ತೆ ಎಡಗಡೆಯಿಂದ ಬಂದ. ಇನ್ನೊಮ್ಮೆ ಕಾಣಿಸಿಕೊಳ್ಳಲೆಂದೇ ಹಿಂದಿನಿಂದ ಸುತ್ತು ಹಾಕಿ ಓಡಿ ಬಂದಿದ್ದ!