ಪರಿಷೆಗೂ ಕಾಲೇಜಿಗೂ ಒಂದೇ ಷರತ್ತು

ಕಾರ್ತೀಕದ ಕಡೆಯ ಸೋಮವಾರ ಬಂತೆಂದರೆ ಬಸವನಗುಡಿಯಲ್ಲಿ ಕಡಲೇಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ಕಾಯಿಯ ರಾಶಿ, ಕಾಲಿಡಲು ಜಾಗವಿಲ್ಲದಷ್ಟು ಜನ. ಆ ಜಂಗುಳಿಯಲ್ಲಿ ಯಾರದೋ ಅಂಗಿಯ ಅಡಿಯಲ್ಲೊಂದು ಪಿಸ್ತೂಲಿದ್ದರೆ?

ಲೈಸೆನ್ಸ್ ಇದ್ದರೂ ಅದು ತಪ್ಪು. ಜಾತ್ರೆ, ಧಾರ್ಮಿಕ ಮೆರವಣಿಗೆ, ಜನ ಸೇರುವ ಸಭೆ, ವಿದ್ಯಾಸಂಸ್ಥೆಯ ಆವರಣ, ಇಲ್ಲಿಗೆಲ್ಲ ವಿಶೇಷ ಅನುಮತಿಯಿಲ್ಲದೆ ಆಯುಧ ಒಯ್ಯಕೂಡದೆಂಬುದು ಲೈಸೆನ್ಸಿನದೇ ಷರತ್ತು. ಪರಿಷೆಗೆ ಸಲ್ಲುವ ಮಾತು ನ್ಯಾಷನಲ್ ಕಾಲೇಜಿಗೂ, ಮಲ್ಲೇಶ್ವರದ ಎಂ.ಇ.ಎಸ್. ಕಾಲೇಜಿಗೂ ಸಲ್ಲುತ್ತದೆ. ಮಗಳನ್ನು ಬಿಡಲು ಬಂದ ತಂದೆಯ ಬಳಿ ರಿವಾಲ್ವರಿದ್ದರೆ ಅವರು ಗೇಟಿನಾಚೆಯೇ ನಿಲ್ಲಬೇಕು.

ನಮ್ಮಲ್ಲಿ ಈ ಕಾನೂನು ರಾಜ್ಯಕ್ಕೊಂದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ದೇಶಕ್ಕೆಲ್ಲ ಒಂದೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡವೆಂಬ ಹಳೆಯ ವಿನಾಯಿತಿಯನ್ನು 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದದ್ದು ಬೇರೆ ಮಾತು. ಬೆಂಗಳೂರಿನವರು ಪೊಲೀಸ್ ಕಮಿಷನರಿಗೇ ಅರ್ಜಿ ಹಾಕಬೇಕು. ವಯಸ್ಸು 21 ತುಂಬಿರಬೇಕು. ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಂಡು ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯ ಪ್ರಕಾರ ಎರಡರಿಂದ ಐದು ವರ್ಷ ಜೈಲು.

ಸ್ವಾರಸ್ಯವೆಂದರೆ, ಒಯ್ಯುವ ಹಕ್ಕಿದ್ದವರೂ ಅದನ್ನು ಪೂರ್ತಿ ಮುಚ್ಚಿಯೇ ಒಯ್ಯಬೇಕೆನ್ನುತ್ತವೆ 2016ರ ನಿಯಮಗಳು. ಮದುವೆ ಮನೆಯಲ್ಲಿ ಝಳಪಿಸಿದರೂ ಲೈಸೆನ್ಸ್ ಹೋದೀತು.

ಅಮೆರಿಕದಲ್ಲಿ ಮಾತ್ರ ಇದು ರಾಜ್ಯಕ್ಕೊಂದು ಬಗೆ. ಬಂದೂಕನ್ನು ಮರೆಮಾಚಿ ಒಯ್ಯಲು ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಪರವಾನಗಿಯೇ ಬೇಡ. ವಿಶೇಷ ಕಾರಣ ತೋರಿಸಿದವರಿಗಷ್ಟೇ ಪರವಾನಗಿ ಎನ್ನುತ್ತಿದ್ದ ನ್ಯೂಯಾರ್ಕಿನ ನೂರು ವರ್ಷ ಹಳೆಯ ಷರತ್ತನ್ನು ಅಲ್ಲಿನ ಸುಪ್ರೀಂ ಕೋರ್ಟ್ 2022ರಲ್ಲಿ ರದ್ದು ಮಾಡಿತು.

ಚಾಮರಾಜಪೇಟೆಯ ಹುಡುಗನೊಬ್ಬ ಎಂ.ಎಸ್. ಮಾಡಲು ಟೆಕ್ಸಾಸಿಗೆ ಹೊರಟನೆನ್ನಿ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪರವಾನಗಿ ಇದ್ದವರು ಪಿಸ್ತೂಲನ್ನು ಮರೆಯಲ್ಲಿಟ್ಟುಕೊಂಡು ತರಗತಿಗೇ ಬರಬಹುದು. ಈ ಕಾನೂನು ಜಾರಿಗೆ ಬಂದದ್ದು 2016ರ ಆಗಸ್ಟ್ 1ರಂದು. ಆಸ್ಟಿನ್ ವಿಶ್ವವಿದ್ಯಾಲಯದ ಗೋಪುರದ ಮೇಲಿನಿಂದ ಒಬ್ಬ ಗುಂಡಿನ ಮಳೆಗರೆದು ಅಂದಿಗೆ ಸರಿಯಾಗಿ 50 ವರ್ಷ! ಕ್ಯಾಲಿಫೋರ್ನಿಯಾದಲ್ಲಾದರೆ ವಿಶ್ವವಿದ್ಯಾಲಯದ ಲಿಖಿತ ಅನುಮತಿಯಿಲ್ಲದೆ ಲೈಸೆನ್ಸ್ ಇದ್ದವರೂ ಕ್ಯಾಂಪಸ್ಸಿಗೆ ತರುವಂತಿಲ್ಲ.

ಫೀಸು, ಹಾಸ್ಟೆಲು, ಚಳಿಯ ಕೋಟಿನ ಬಗ್ಗೆ ವಿಚಾರಿಸುವ ತಂದೆ ತಾಯಿ ಇದನ್ನೂ ಒಂದು ಮಾತು ಕೇಳಬಹುದು. ಪ್ರತಿ ವಿಶ್ವವಿದ್ಯಾಲಯಕ್ಕೂ ತನ್ನದೇ ಲಿಖಿತ ನಿಯಮವಿರುತ್ತದೆ. ಯಾವ ಕಟ್ಟಡಕ್ಕೆ ಬಂದೂಕು ತರಬಾರದೆಂಬುದು ಅದರಲ್ಲೇ ಸಿಗುತ್ತದೆ.