ವಾರದ ಸಭೆಯಿಂದ ಸೇವೆಗೆ: ಹುಬ್ಬಳ್ಳಿ-ಧಾರವಾಡದ ಸೇವಾ ಕ್ಲಬ್‌ಗಳಿಂದ ನಾವು ಕಲಿಯಬಹುದಾದದ್ದು

ಕರಾವಳಿಯ ನಮಗೆ ಹುಬ್ಬಳ್ಳಿ ಹೊಸ ಊರೇನಲ್ಲ. ರೈಲ್ವೆ ನೌಕರಿಗಾಗಿ, ವ್ಯಾಪಾರಕ್ಕಾಗಿ, ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಅಲ್ಲಿ ನೆಲೆಸಿದ ಕುಟುಂಬಗಳು ನಮ್ಮಲ್ಲಿ ಅನೇಕ. ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗಂತೂ ಹುಬ್ಬಳ್ಳಿ ಎಂದರೆ ದೊಡ್ಡ ಆಸ್ಪತ್ರೆಯ ಊರು. ಕಾರವಾರ, ಶಿರಸಿ, ಯಲ್ಲಾಪುರದ ಕಡೆಯಿಂದ ಗಂಭೀರ ಸ್ಥಿತಿಯ ರೋಗಿಗಳನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಎಂದು ಆರಂಭವಾಗಿ, ಜನರ ಬಾಯಲ್ಲಿ ಇಂದಿಗೂ 'ಕಿಮ್ಸ್' ಎಂದೇ ಉಳಿದಿರುವ ಸರಕಾರಿ ಆಸ್ಪತ್ರೆಯ ಆವರಣದಲ್ಲಿ ನಮ್ಮ ಜಿಲ್ಲೆಯವರು ಸಿಗದ ದಿನವಿಲ್ಲ.

ಅಂತಹ ರೋಗಿಗೆ ರಕ್ತ ಬೇಕಾದಾಗ ಊರಿನ ನೆಂಟರು ಘಟ್ಟ ಹತ್ತಿ ಬರುವಷ್ಟು ಸಮಯ ಇರುವುದಿಲ್ಲ. ಯಾರೋ ಅಪರಿಚಿತರು ಮೊದಲೇ ಕೊಟ್ಟಿಟ್ಟ ರಕ್ತವೇ ಆಧಾರ. ಆ ರಕ್ತ ಬರುವ ದಾರಿಗಳಲ್ಲಿ ಕಾಲೇಜುಗಳ ಹಾಗೂ ಸೇವಾ ಸಂಸ್ಥೆಗಳ ಶಿಬಿರಗಳೂ ಸೇರಿವೆ. ರೋಟರಿ, ಲಯನ್ಸ್ ಮುಂತಾದ ಈ ಸಂಸ್ಥೆಗಳು ಹೇಗೆ ನಡೆಯುತ್ತವೆ, ಅವುಗಳ ಸಭೆಗಳಲ್ಲಿ ಏನಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ನಮ್ಮ ಚರ್ಚ್ ಸಂಘಟನೆಗಳಿಗೂ ಉಪಯೋಗವಿದೆ.

ಸಭೆಯೇ ಮೂಲ

ರೋಟರಿ ಆರಂಭವಾದದ್ದು 1905ರ ಫೆಬ್ರವರಿ 23ರಂದು, ಅಮೆರಿಕದ ಶಿಕಾಗೋ ನಗರದಲ್ಲಿ. ಪೌಲ್ ಹ್ಯಾರಿಸ್ ಎಂಬ ವಕೀಲರು ಮೂವರು ಪರಿಚಿತರನ್ನು ಸೇರಿಸಿ ಮೊದಲ ಸಭೆ ನಡೆಸಿದರು. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸಭೆ ಸೇರುತ್ತಿದ್ದುದರಿಂದ ರೋಟರಿ ಎಂಬ ಹೆಸರು ಬಂತು. ಹೀಗೆ ಈ ಸಂಸ್ಥೆಯ ಹೆಸರೇ ಸಭೆಯಿಂದ ಹುಟ್ಟಿದೆ. ಲಯನ್ಸ್ 1917ರಲ್ಲಿ ಅದೇ ಶಿಕಾಗೋದ ಮೆಲ್ವಿನ್ ಜೋನ್ಸ್ ಅವರ ಪ್ರಯತ್ನದಿಂದ ರೂಪುಗೊಂಡಿತು. 1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶದಲ್ಲಿ ಅಂಧರ ಪರವಾಗಿ ಮನವಿ ಮಾಡಿದ ಬಳಿಕ ಕಣ್ಣಿನ ಸೇವೆ ಅವರ ಮುಖ್ಯ ಕಾರ್ಯವಾಯಿತು.

ಹುಬ್ಬಳ್ಳಿ-ಧಾರವಾಡದ ರೋಟರಿ ಕ್ಲಬ್‌ಗಳು ಗೋವಾ ಮತ್ತು ಬೆಳಗಾವಿ ಕಡೆಯ ಕ್ಲಬ್‌ಗಳೊಂದಿಗೆ 3170ನೇ ರೋಟರಿ ಜಿಲ್ಲೆಗೆ ಸೇರಿವೆ. ಎರಡೂ ಊರುಗಳಿಗೆ ಸೇರಿ ಒಂದೇ ಮಹಾನಗರಪಾಲಿಕೆ ರಚನೆಯಾದದ್ದು 1962ರಲ್ಲಿ. ನಡುವಿನ ಅಂತರ ಸುಮಾರು 20 ಕಿಲೋಮೀಟರ್. ಹುಬ್ಬಳ್ಳಿ ವ್ಯಾಪಾರ ಮತ್ತು ರೈಲ್ವೆಯ ಊರು, ಧಾರವಾಡ ವಿದ್ಯೆಯ ಊರು. ಕೂಡಿ ಕೆಲಸ ಮಾಡುವುದು ಅಲ್ಲಿಯವರಿಗೆ ಹೊರಗಿನಿಂದ ಬಂದ ವಿಷಯವಲ್ಲ. ಕನ್ನಡದ ಕೆಲಸಕ್ಕಾಗಿ ಕರ್ನಾಟಕ ವಿದ್ಯಾವರ್ಧಕ ಸಂಘವು ಧಾರವಾಡದಲ್ಲಿ ಹುಟ್ಟಿದ್ದು 1890ರಲ್ಲಿ, ಅಂದರೆ ರೋಟರಿಗಿಂತ 15 ವರ್ಷ ಮೊದಲು.

ಸಭೆ ನಡೆಯುವ ಬಗೆ

ರೋಟರಿ ಸಭೆಯ ಕ್ರಮ ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ. ಅಧ್ಯಕ್ಷರು ಗಂಟೆ ಬಾರಿಸಿ ಸಭೆ ಆರಂಭಿಸುತ್ತಾರೆ. ಪ್ರಾರ್ಥನೆ ಅಥವಾ ರಾಷ್ಟ್ರಗೀತೆಯ ಬಳಿಕ ಅತಿಥಿಗಳ ಪರಿಚಯವಾಗುತ್ತದೆ. ಕಾರ್ಯದರ್ಶಿ ವರದಿ, ಪ್ರಕಟಣೆಗಳನ್ನು ಓದುತ್ತಾರೆ. ಹಿಂದಿನ ವಾರ ಒಪ್ಪಿಕೊಂಡ ಕೆಲಸ ಎಲ್ಲಿಗೆ ಬಂತು, ಶಾಲೆಗೆ ಕೊಡಬೇಕಾದ ಬೆಂಚುಗಳು ತಲುಪಿದವೇ, ಶಿಬಿರಕ್ಕೆ ಯಾರು ಹೋಗುತ್ತಾರೆ ಎಂಬುದೆಲ್ಲ ಆಗ ಎದ್ದು ಬರುತ್ತದೆ. ಆಮೇಲೆ ವೈದ್ಯರೋ ಅಧಿಕಾರಿಯೋ ಶಿಕ್ಷಕರೋ ಸುಮಾರು 20 ನಿಮಿಷ ಮಾತನಾಡುತ್ತಾರೆ. ವಂದನಾರ್ಪಣೆ, ಉಪಾಹಾರ, ಮತ್ತೆ ಗಂಟೆ.

ಹಾಜರಾತಿಯ ನಿಯಮ ಬಹಳ ಕಾಲ ಕಟ್ಟುನಿಟ್ಟಾಗಿತ್ತು. ಸತತ ನಾಲ್ಕು ಸಭೆಗಳಿಗೆ ಕಾರಣವಿಲ್ಲದೆ ತಪ್ಪಿಸಿಕೊಂಡವರು ಸದಸ್ಯತ್ವ ಕಳೆದುಕೊಳ್ಳಬಹುದಿತ್ತು. ಪ್ರಯಾಣದಲ್ಲಿದ್ದವರು ಬೇರೆ ಊರಿನ ಕ್ಲಬ್ಬಿನ ಸಭೆಗೆ ಹಾಜರಾಗಿ ಆ ಕೊರತೆ ತುಂಬಿಕೊಳ್ಳುತ್ತಿದ್ದರು. 2016ರಲ್ಲಿ ನಿಯಮ ಸಡಿಲವಾಯಿತು. ತಿಂಗಳಿಗೆ ಕನಿಷ್ಠ ಎರಡು ಸಭೆ ನಡೆಸಿದರೆ ಸಾಕು ಎಂದಾಯಿತು. ಆದರೂ ವಾರದ ಸಭೆಯನ್ನು ಬಿಡದ ಕ್ಲಬ್‌ಗಳಿವೆ.

ಇನ್ನೊಂದು ವಿಷಯ ಗಮನಾರ್ಹ. ಪ್ರತಿ ವರ್ಷ ಜುಲೈ 1ಕ್ಕೆ ಅಧ್ಯಕ್ಷರು ಬದಲಾಗುತ್ತಾರೆ. ಮುಂದಿನವರು ಯಾರು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ, ಅವರು ತರಬೇತಿಯನ್ನೂ ಪಡೆದಿರುತ್ತಾರೆ. ಹೀಗಾಗಿ ಒಬ್ಬರ ಉತ್ಸಾಹ ಇಳಿದರೆ ಕೆಲಸ ನಿಲ್ಲುವುದಿಲ್ಲ.

ರಕ್ತದಾನ ಮತ್ತು ಕ್ಯಾಲೆಂಡರ್

ನಿಯಮಿತವಾಗಿ ಸೇರುವುದರ ಬೆಲೆ ರಕ್ತದಾನದಲ್ಲಿ ಚೆನ್ನಾಗಿ ಕಾಣುತ್ತದೆ. ಸಂಗ್ರಹಿಸಿದ ರಕ್ತದ ಕೆಂಪುಕಣಗಳು 35ರಿಂದ 42 ದಿನ ಉಳಿಯುತ್ತವೆ. ಡೆಂಗ್ಯೂ ರೋಗಿಗಳಿಗೆ ಬೇಕಾಗುವ ಪ್ಲೇಟ್‌ಲೆಟ್ ಐದೇ ದಿನ. ಒಮ್ಮೆ ರಕ್ತ ಕೊಟ್ಟ ಪುರುಷರು ಮೂರು ತಿಂಗಳು, ಮಹಿಳೆಯರು ನಾಲ್ಕು ತಿಂಗಳು ಕಾಯಬೇಕು.

ಈಗ ನಮ್ಮ ರೂಢಿಯನ್ನು ನೋಡೋಣ. ಚರ್ಚಿನ ಹಬ್ಬಕ್ಕೋ ಆಗಸ್ಟ್ 15ಕ್ಕೋ ಒಂದು ದೊಡ್ಡ ಶಿಬಿರ ಇಟ್ಟು 100 ಮಂದಿಯಿಂದ ಒಂದೇ ದಿನ ರಕ್ತ ಸಂಗ್ರಹಿಸುತ್ತೇವೆ. ಅದೇ ವಾರ ಇನ್ನೂ ಹತ್ತು ಸಂಸ್ಥೆಗಳು ಹಾಗೆಯೇ ಮಾಡುತ್ತವೆ. ಆರು ವಾರದೊಳಗೆ ಬಳಕೆಯಾಗದ ರಕ್ತ ವ್ಯರ್ಥವಾಗುತ್ತದೆ. ಏಳನೆಯ ವಾರ ಅಪಘಾತದ ಗಾಯಾಳು ಬಂದಾಗ ಆ 100 ಮಂದಿಯಲ್ಲಿ ಒಬ್ಬರೂ ಕೊಡುವಂತಿಲ್ಲ. ಅದರ ಬದಲು ಅದೇ 100 ಮಂದಿಯ ಪಟ್ಟಿ ಮಾಡಿ ವಾರಕ್ಕೆ ಎಂಟು ಮಂದಿಯಂತೆ ಕಳುಹಿಸಿದರೆ ಪಟ್ಟಿ ಮುಗಿಯಲು 13 ವಾರ ಬೇಕು. ಅಷ್ಟರಲ್ಲಿ ಮೊದಲ ವಾರದ ಪುರುಷರು ಮತ್ತೆ ಕೊಡಲು ಸಿದ್ಧರಾಗಿರುತ್ತಾರೆ. ಇದಕ್ಕೆ ಬ್ಯಾನರ್ ಬೇಡ, ವೇದಿಕೆ ಬೇಡ. ವಾರ ವಾರ ಪಟ್ಟಿ ತೆರೆದು ನೋಡುವ ನಾಲ್ಕು ಜನ ಬೇಕು.

ಧಾರವಾಡದಂತಹ ವಿದ್ಯಾರ್ಥಿಗಳ ಊರಿನಲ್ಲಿ ಇದು ಇನ್ನೂ ಮುಖ್ಯ. ರಕ್ತ ಕೊಡುವ ಯುವಜನರು ರಜೆ ಬಂದೊಡನೆ ಊರಿಗೆ ಹೋಗುತ್ತಾರೆ. ಆಸ್ಪತ್ರೆಗೆ ರಜೆ ಇಲ್ಲ.

ಕಣ್ಣಿನ ಶಿಬಿರದ ಮಾತೂ ಹೀಗೆಯೇ. ತಪಾಸಣೆ ಒಂದು ದಿನದ ಕೆಲಸ. ಪೊರೆ ಇರುವ ವೃದ್ಧರನ್ನು ಹಳ್ಳಿಯಿಂದ ಆಸ್ಪತ್ರೆಗೆ ಕರೆತರುವುದು, ಶಸ್ತ್ರಚಿಕಿತ್ಸೆಯ ಬಳಿಕ ಮನೆಗೆ ಬಿಡುವುದು, ಕೆಲವು ವಾರಗಳ ನಂತರ ಮರುತಪಾಸಣೆಗೆ ನೆನಪಿಸುವುದು ಉಳಿದ ಕೆಲಸ. ಈ ಭಾಗದ ಫೋಟೋ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಇಂತಹ ತಾಳ್ಮೆಗೆ ದೊಡ್ಡ ಉದಾಹರಣೆ ಪೋಲಿಯೋ. ರೋಟರಿ ಈ ಕಾರ್ಯಕ್ರಮವನ್ನು ಆರಂಭಿಸಿದ್ದು 1985ರಲ್ಲಿ. ಭಾರತದಲ್ಲಿ ಪಲ್ಸ್ ಪೋಲಿಯೋ 1995ರಲ್ಲಿ ಶುರುವಾಯಿತು. ದೇಶದ ಕೊನೆಯ ಪ್ರಕರಣ ದಾಖಲಾದದ್ದು 2011ರ ಜನವರಿ 13ರಂದು. ನಮ್ಮ ಪ್ರದೇಶ ಪೋಲಿಯೋ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2014ರ ಮಾರ್ಚ್ 27ರಂದು. ಸರಕಾರ, ಆರೋಗ್ಯ ಕಾರ್ಯಕರ್ತೆಯರು, ಸ್ವಯಂಸೇವಕರು ಎಲ್ಲರೂ ಸೇರಿ ವರ್ಷಗಟ್ಟಲೆ ಭಾನುವಾರಗಳನ್ನು ಕೊಟ್ಟದ್ದರ ಫಲ ಇದು.

ಕಥೋಲಿಕರು ಸೇರಬಹುದೇ?

ಕೆಲವು ಹಿರಿಯರು ಈ ಪ್ರಶ್ನೆ ಕೇಳುವುದುಂಟು. ಅದಕ್ಕೆ ಕಾರಣವಿದೆ. 1950ರ ಡಿಸೆಂಬರಿನಲ್ಲಿ ರೋಮ್ ಹೊರಡಿಸಿದ ಆದೇಶದಲ್ಲಿ ಗುರುಗಳು ರೋಟರಿ ಸೇರಬಾರದೆಂದೂ ಭಕ್ತರು ಎಚ್ಚರದಿಂದ ಇರಬೇಕೆಂದೂ ಹೇಳಲಾಗಿತ್ತು. ಕಾಲಕ್ರಮೇಣ ಆ ಸಂಶಯ ಕರಗಿತು. 1979ರಲ್ಲಿ ರೋಮಿನಲ್ಲಿ ರೋಟರಿ ಸಮಾವೇಶ ನಡೆದಾಗ ಪೋಪ್ ದ್ವಿತೀಯ ಜಾನ್ ಪೌಲ್ ಸದಸ್ಯರನ್ನು ಉದ್ದೇಶಿಸಿ ಮಾತನಾಡಿದರು. 2016ರ ಕರುಣೆಯ ವರ್ಷದಲ್ಲಿ ಪೋಪ್ ಫ್ರಾನ್ಸಿಸ್ ರೋಟರಿ ಸದಸ್ಯರನ್ನು ಸಂತ ಪೇತ್ರರ ಚೌಕದಲ್ಲಿ ಬರಮಾಡಿಕೊಂಡರು.

ಕ್ಲಬ್‌ಗಳಲ್ಲಿ ಕೊರತೆಗಳಿಲ್ಲವೆಂದಲ್ಲ. ಶುಲ್ಕ ಕೊಡಲಾಗದ ಬಡವರಿಗೆ ಅಲ್ಲಿ ಸ್ಥಾನ ಸಿಗುವುದು ಕಷ್ಟ. ಮಹಿಳೆಯರಿಗೆ ರೋಟರಿ ತನ್ನ ಬಾಗಿಲು ತೆರೆದದ್ದೇ 1989ರಲ್ಲಿ. ಹಾರ, ಶಾಲು, ಭೋಜನದಲ್ಲೇ ಸಂಜೆ ಮುಗಿಯುವ ಸಭೆಗಳೂ ಇವೆ.

ಆದರೆ ವಾರ ವಾರ ಸೇರುವ ಶಿಸ್ತು ನಮ್ಮದೂ ಹೌದು. 1833ರಲ್ಲಿ ಪ್ಯಾರಿಸ್‌ನಲ್ಲಿ 20 ವರ್ಷದ ಫ್ರೆಡ್ರಿಕ್ ಓಝಾನಮ್ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಅಂದಿನಿಂದಲೇ ವಾರದ ಸಭೆಯ ಮೇಲೆ ನಿಂತಿದೆ. ಅಲ್ಲಿ ಗುಪ್ತ ಕಾಣಿಕೆಯ ಚೀಲ ತಿರುಗುತ್ತದೆ, ಬಡವರ ಮನೆಗೆ ಭೇಟಿ ನೀಡಲು ಸದಸ್ಯರನ್ನು ನೇಮಿಸಲಾಗುತ್ತದೆ, ಮುಂದಿನ ವಾರ ಅವರು ವರದಿ ಕೊಡುತ್ತಾರೆ. ನಮ್ಮ ಚರ್ಚುಗಳಲ್ಲಿ ಈ ಸಭೆ ಎಷ್ಟೋ ಕಡೆ ನಾಲ್ಕೈದು ಹಿರಿಯರಿಗೆ ಸೀಮಿತವಾಗಿದೆ. ನೆರೆ ಬಂದಾಗ ಯುವಕರು ಓಡಿ ಬರುತ್ತಾರೆ, ಸಂತೋಷ. ನೆರೆ ಇಳಿದ ಮೇಲಿನ ಸಾಧಾರಣ ಗುರುವಾರ ಸಂಜೆ ಯಾರು ಬರುತ್ತಾರೆ ಎಂಬುದೇ ಪ್ರಶ್ನೆ.

ಪಾಲನಾ ಪರಿಷತ್ತುಗಳು ಮತ್ತು ಯುವ ಸಂಘಟನೆಗಳು ಒಂದು ಪುಟ್ಟ ಪ್ರಯೋಗ ಮಾಡಬಹುದು. ರಕ್ತ ಕೊಡಲು ಅರ್ಹರಾದವರ ಪಟ್ಟಿ ಮಾಡಿ, ಹತ್ತಿರದ ರಕ್ತನಿಧಿಯೊಂದಿಗೆ ಮಾತನಾಡಿ, ವಾರಕ್ಕೆ ಎಷ್ಟು ಮಂದಿ ಎಂದು ಹಂಚಿಕೊಳ್ಳಿ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ ಇರಬೇಕು. ಉಳಿದುದನ್ನು ವೈದ್ಯರು ಪರೀಕ್ಷಿಸುತ್ತಾರೆ. ಮುಂದಿನ ಬಾರಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಮ್ಮವರೊಬ್ಬರಿಗೆ ಅಪರಿಚಿತರ ರಕ್ತ ಸಿಕ್ಕಾಗ, ನಾವೂ ನಮ್ಮೂರಿನಲ್ಲಿ ಯಾರೋ ಅಪರಿಚಿತರಿಗೆ ಅಷ್ಟನ್ನು ಇಟ್ಟಿದ್ದೇವೆ ಎಂದು ಹೇಳುವಂತಾಗಲಿ.