ಬೀಳುವ ದೈತ್ಯನನ್ನು ಕಟ್ಟುವುದು ಹೇಗೆ?

ಕಾಗದದ ಮೇಲೆ ಒಬ್ಬ ದೈತ್ಯನನ್ನು ಸೃಷ್ಟಿಸಬೇಕು. ಎತ್ತರ 64 ಅಡಿಗೂ ಹೆಚ್ಚು, ಮೈಯೆಲ್ಲ ಕಂಚು. ಅವನಿಗೆ ಉಸಿರಿಲ್ಲ, ನಿದ್ದೆಯಿಲ್ಲ, ಭಯವಂತೂ ಇಲ್ಲವೇ ಇಲ್ಲ. ಅವನೆದುರು ನಿಮ್ಮ ನಾಲ್ವರು ಗೆಳೆಯರ ಪಾತ್ರಗಳು ನಿಲ್ಲಬೇಕು. ಮೂರು ಗಂಟೆ ಆಡಿ ಎದ್ದಾಗ ಎಲ್ಲರೂ ‘ಮುಂದಿನ ಭಾನುವಾರ ಎಷ್ಟು ಗಂಟೆಗೆ?’ ಎಂದು ಕೇಳಬೇಕು. ಕೇಳಲು ಮಕ್ಕಳಾಟದಂತಿದೆ ಅಲ್ಲವೇ? ಒಮ್ಮೆ ಪೆನ್ನು ಹಿಡಿದು ಕೂತು ನೋಡಿ. ಗಣಿತ, ಕಥೆ, ಎದುರಿಗೆ ಕೂತವರ ಮನಸ್ಸು ಮೂರನ್ನೂ ಒಟ್ಟಿಗೆ ಸಂಭಾಳಿಸಬೇಕಾಗುತ್ತದೆ.

ಇದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ಮಾತು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ ಮೊದಲು ಪ್ರಕಟವಾದದ್ದು 1974ರಲ್ಲಿ. ಇದಕ್ಕೆ ಕಂಪ್ಯೂಟರ್ ಬೇಡ. ಮೇಜು, ಕಾಗದ, ಪೆನ್ಸಿಲ್, ಇಪ್ಪತ್ತು ಮುಖದ ದಾಳ ಇದ್ದರೆ ಸಾಕು. ಒಬ್ಬರು ‘ಡಂಜನ್ ಮಾಸ್ಟರ್’ ಆಗಿ ಲೋಕವನ್ನು ಕಟ್ಟಿ ಕಥೆ ನಡೆಸುತ್ತಾರೆ. ಉಳಿದವರು ಯೋಧ, ಕಳ್ಳ, ಮಂತ್ರವಾದಿ, ಪೂಜಾರಿ ಹೀಗೆ ಒಂದೊಂದು ಪಾತ್ರವಾಗುತ್ತಾರೆ. ಇಲ್ಲಿ ಜೀವವಿಲ್ಲದ, ಯಾರೋ ಕಟ್ಟಿ ನಿಲ್ಲಿಸಿದ ರಾಕ್ಷಸನಿಗೆ ‘ಕನ್‌ಸ್ಟ್ರಕ್ಟ್’ ಎಂದು ಹೆಸರು. ಆಟದ ಮೂರನೇ ಆವೃತ್ತಿಯಲ್ಲಿ ಜೀವಿಗಳ ಗಾತ್ರಕ್ಕೆ ಒಂಬತ್ತು ಮೆಟ್ಟಿಲುಗಳಿವೆ. ಕೊನೆಯ ಮೆಟ್ಟಿಲು ‘ಕಲಾಸಲ್’, ಅಂದರೆ 64 ಅಡಿ ಮತ್ತು ಅದಕ್ಕೂ ಮೇಲೆ. ಶ್ರವಣಬೆಳಗೊಳದ ಗೊಮ್ಮಟನ ಎತ್ತರ ಸುಮಾರು 57 ಅಡಿ. ಅದಕ್ಕಿಂತ ಎತ್ತರದ ಆಕೃತಿಯೊಂದು ಹೆಜ್ಜೆ ಕಿತ್ತು ನಡೆಯುವುದನ್ನು ಊಹಿಸಿಕೊಳ್ಳಿ.

ಮೊದಲು ಕಥೆ, ಆಮೇಲೆ ಅಂಕಿ

ಹೊಸಬರು ನೇರವಾಗಿ ಅಂಕಿಗಳಿಗೆ ಕೈಹಾಕುತ್ತಾರೆ. ಶಕ್ತಿ ಎಷ್ಟು, ಏಟು ಎಷ್ಟು ಎಂದು ಬರೆಯುತ್ತಾ ಹೋಗುತ್ತಾರೆ. ಕೊನೆಗೆ ಸಿಗುವುದು ನಡೆದಾಡುವ ಗೋಡೆ. ಕನ್‌ಸ್ಟ್ರಕ್ಟ್ ಎಂದರೆ ಯಾರೋ, ಯಾವುದೋ ಕೆಲಸಕ್ಕೆಂದು ಕಟ್ಟಿದ್ದು. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ: ಕಟ್ಟಿದವರು ಇವನಿಗೆ ಕೊಟ್ಟ ಆಜ್ಞೆ ಏನು?

ಹಳೆಯ ಕಥೆಗಳು ಇಲ್ಲಿ ದಾರಿ ತೋರಿಸುತ್ತವೆ. ಗ್ರೀಕ್ ಪುರಾಣದ ಟ್ಯಾಲೋಸ್ ಕಂಚಿನ ದೈತ್ಯ. ಕ್ರೀಟ್ ದ್ವೀಪವನ್ನು ದಿನಕ್ಕೆ ಮೂರು ಸುತ್ತು ಹಾಕುತ್ತಾ, ಹತ್ತಿರ ಬಂದ ಹಡಗುಗಳ ಮೇಲೆ ಬಂಡೆ ಎಸೆಯುವುದು ಅವನ ಕೆಲಸ. ಪ್ರಾಗ್ ನಗರದ ಯಹೂದಿ ದಂತಕಥೆಯಲ್ಲಿ ರಬ್ಬಿಯೊಬ್ಬರು ತಮ್ಮ ಜನರ ರಕ್ಷಣೆಗೆ ಮಣ್ಣಿನಿಂದ ‘ಗೋಲೆಮ್’ ಮಾಡುತ್ತಾರೆ. ಕಥೆಯ ಒಂದು ರೂಪದಲ್ಲಿ ಅದರ ಹಣೆಯ ಮೇಲೆ ‘ಸತ್ಯ’ ಎಂಬರ್ಥದ ಹೀಬ್ರೂ ಪದವಿರುತ್ತದೆ. ಅದರ ಮೊದಲ ಅಕ್ಷರ ಅಳಿಸಿದರೆ ಉಳಿಯುವುದು ‘ಸತ್ತ’ ಎಂಬ ಪದ. ಗೋಲೆಮ್ ಅಲ್ಲಿಗೇ ನಿಶ್ಚಲ. ಈ ಇಬ್ಬರೂ ಕೆಟ್ಟವರಲ್ಲ, ಹೇಳಿದ್ದನ್ನು ಚಾಚೂತಪ್ಪದೆ ಮಾಡುವವರು. ಭಯ ಹುಟ್ಟುವುದೇ ಅಲ್ಲಿ.

ಉದಾಹರಣೆಗೆ ನಾವೊಂದು ದೈತ್ಯನನ್ನು ಕಟ್ಟೋಣ. ಹೆಸರು ‘ಬಂದರು ಕಾವಲು’. ಮುನ್ನೂರು ವರ್ಷಗಳ ಹಿಂದೆ ಒಂದು ನಗರ ಅವನಿಗೆ ಕೊಟ್ಟ ಆಜ್ಞೆ ಒಂದೇ ಸಾಲು: ‘ಕೆಂಪು ಬಾವುಟವಿಲ್ಲದ ಯಾವ ಹಡಗನ್ನೂ ಒಳಗೆ ಬಿಡಬೇಡ.’ ಈಗ ರಾಜವಂಶ ಬದಲಾಗಿದೆ, ಬಾವುಟ ನೀಲಿಯಾಗಿದೆ. ಸಮುದ್ರದ ತಳದಲ್ಲಿ ಮಲಗಿದ್ದ ಕಾವಲುಗಾರ ಭೂಕಂಪಕ್ಕೆ ಎಚ್ಚರಗೊಂಡು ತನ್ನದೇ ಊರಿನ ಹಡಗುಗಳನ್ನು ಒಡೆಯುತ್ತಿದ್ದಾನೆ. ಅಂಕಿ ಬರೆಯುವ ಮೊದಲೇ ಆಟಗಾರರಿಗೆ ಎರಡು ದಾರಿ ಸಿಕ್ಕಿತು. ಹೊಡೆದು ಬೀಳಿಸಬಹುದು, ಇಲ್ಲವೇ ಹಳೆಯ ಕೆಂಪು ಬಾವುಟ ಎಲ್ಲಿದೆ ಎಂದು ಹುಡುಕಬಹುದು.

ಅಂಕಿಗಳ ಅಸ್ಥಿಪಂಜರ

2003ರಲ್ಲಿ ಬಂದ 3.5 ಪರಿಷ್ಕರಣೆಯ ನಿಯಮದಂತೆ ಲೆಕ್ಕ ಹಾಕೋಣ. ಕನ್‌ಸ್ಟ್ರಕ್ಟ್‌ಗಳ ಆಯುಷ್ಯ, ಅಂದರೆ ಹಿಟ್ ಪಾಯಿಂಟ್, ಹತ್ತು ಮುಖದ ದಾಳದ ಮೇಲೆ ನಿಲ್ಲುತ್ತದೆ. ಒಂದು ದಾಳದ ಸರಾಸರಿ ಐದೂವರೆ. ನಮ್ಮ ಕಾವಲುಗಾರನಿಗೆ 32 ದಾಳ ಕೊಟ್ಟರೆ 176. ಕಲಾಸಲ್ ಗಾತ್ರದ ಕನ್‌ಸ್ಟ್ರಕ್ಟ್‌ಗೆ ನಿಯಮವೇ ಹೆಚ್ಚುವರಿ 80 ಕೊಡುತ್ತದೆ. ಒಟ್ಟು 256.

ಇನ್ನು ರಕ್ಷಣೆ, ಅಂದರೆ ಆರ್ಮರ್ ಕ್ಲಾಸ್. ಮೂಲ 10. ಇಷ್ಟು ದೊಡ್ಡ ಮೈಗೆ ಗುರಿ ತಪ್ಪುವುದೇ ಕಷ್ಟ, ಹಾಗಾಗಿ ಗಾತ್ರಕ್ಕೆ 8 ಕಳೆಯಬೇಕು. ಚುರುಕಿಲ್ಲದ್ದಕ್ಕೆ ಇನ್ನೊಂದು ಕಳೆದರೆ ಉಳಿಯುವುದು 1. ಕಂಚಿನ ಕವಚಕ್ಕೆ 34 ಸೇರಿಸಿದರೆ 35. ದಾಳದ ಮೇಲೆ 25 ಕೂಡಿಸಿಕೊಳ್ಳುವ ಯೋಧನಿಗೆ 10 ಅಥವಾ ಹೆಚ್ಚು ಬಿದ್ದರೆ ಏಟು ತಗಲುತ್ತದೆ. ಅಂದರೆ ನೂರಕ್ಕೆ 55 ಸಲ. ನಾಲ್ವರೂ ಸೇರಿ ಸುತ್ತಿಗೆ ಸರಾಸರಿ 50 ಪಾಯಿಂಟ್ ಕಳೆದರೆ ಆರನೇ ಸುತ್ತಿಗೆ ಕಾಳಗ ಮುಗಿಯುತ್ತದೆ.

‘ಇನ್ನೂ ಗಟ್ಟಿ ಮಾಡೋಣ’ ಎಂದು ಕವಚಕ್ಕೆ ಮತ್ತೆ 8 ಸೇರಿಸಿ ನೋಡಿ. ಈಗ ಯೋಧನಿಗೆ 18 ಬೀಳಬೇಕು, ಅಂದರೆ ನೂರಕ್ಕೆ 15 ಸಲ. ಎಲ್ಲರ ಏಟೂ ಇದೇ ಪ್ರಮಾಣದಲ್ಲಿ ತಪ್ಪುತ್ತಾ ಹೋದರೆ ಅದೇ ಕಾಳಗ 19 ಸುತ್ತಿಗೆ ಎಳೆಯುತ್ತದೆ. ದೈತ್ಯ ಹೆಚ್ಚು ಭಯಂಕರನಾಗಲಿಲ್ಲ, ಹೆಚ್ಚು ಬೇಸರದವನಾದ ಅಷ್ಟೆ.

ಕೈಕಟ್ಟಿ ಕೂರುವವರ ಸಮಸ್ಯೆ

ನಿಜವಾದ ಸವಾಲು ಇನ್ನೊಂದಿದೆ. ಈ ನಿಯಮಗಳಲ್ಲಿ ಕನ್‌ಸ್ಟ್ರಕ್ಟ್‌ಗೆ ವಿಷ ತಟ್ಟದು, ನಿದ್ದೆಯ ಮಂತ್ರ ನಾಟದು, ಮನಸ್ಸನ್ನು ವಶ ಮಾಡಿಕೊಳ್ಳುವ ಯಾವ ವಿದ್ಯೆಯೂ ನಡೆಯದು. ಮರ್ಮಸ್ಥಾನ ಇಲ್ಲದ್ದರಿಂದ ಕಳ್ಳನ ಪಾತ್ರದ ದೊಡ್ಡ ಅಸ್ತ್ರವಾದ ಹಿಂದಿನಿಂದ ಇರಿಯುವ ಏಟಿಗೂ ಬೆಲೆಯಿಲ್ಲ. ಗೋಲೆಮ್‌ಗಳ ಹಾಗೆ ಮಂತ್ರಗಳಿಗೂ ಬಗ್ಗದವನನ್ನಾಗಿ ಮಾಡಿಬಿಟ್ಟರೆ ಮಂತ್ರವಾದಿಯೂ ಬಹುಮಟ್ಟಿಗೆ ನಿರುದ್ಯೋಗಿ.

ಮೇಜಿನ ಸುತ್ತ ಕೂತಿರುವವರನ್ನು ನೆನಪಿಸಿಕೊಳ್ಳಿ. ಒಬ್ಬ ಯೋಧ ದಾಳ ಉರುಳಿಸುತ್ತಲೇ ಇದ್ದಾನೆ, ಇಬ್ಬರು ಮೊಬೈಲ್ ನೋಡುತ್ತಿದ್ದಾರೆ. ವಾರವಿಡೀ ಇಂಟರ್ನಲ್ಸ್, ಸಂದರ್ಶನ ಎಂದು ಓಡಾಡಿ, ಬಿಡುವು ಮಾಡಿಕೊಂಡು ಬಂದವರು ಅವರು. ಮಾತು ಕಡಿಮೆಯ ಗೆಳತಿಯೊಬ್ಬಳು ಆಟದೊಳಗಾದರೂ ಧೈರ್ಯವಾಗಿ ಮಾತಾಡಲು ಬಂದಿರಬಹುದು. ‘ನೀನು ಮಾಡಿದ್ದು ಏನೂ ಆಗಲಿಲ್ಲ’ ಎಂದು ಆಕೆಗೆ ಮೂರು ಸಲ ಹೇಳಿದರೆ ನಾಲ್ಕನೇ ಸಲ ಅವಳು ಬಾಯಿ ತೆರೆಯುವುದಿಲ್ಲ. ವಿನ್ಯಾಸ ಮಾಡುವವರ ಹೊಣೆ ಇರುವುದು ಇಲ್ಲಿ.

ಹಿಮ್ಮಡಿಯ ಮೊಳೆ

ಇದಕ್ಕೆ ಪರಿಹಾರವೂ ಟ್ಯಾಲೋಸ್ ಬಳಿಯೇ ಇದೆ. ಅವನ ಮೈಯಲ್ಲಿ ಒಂದೇ ರಕ್ತನಾಳ, ಕುತ್ತಿಗೆಯಿಂದ ಹಿಮ್ಮಡಿಯವರೆಗೆ. ಕಥೆಯ ಒಂದು ರೂಪದಲ್ಲಿ ಮಾಂತ್ರಿಕಳಾದ ಮೆಡೀಯಾ ಅಲ್ಲಿದ್ದ ಮೊಳೆಯನ್ನು ಕಿತ್ತುಬಿಡುತ್ತಾಳೆ, ಜೀವರಸ ಸೋರಿ ದೈತ್ಯ ಬೀಳುತ್ತಾನೆ. ಯುದ್ಧ ಗೆದ್ದದ್ದು ಕತ್ತಿಯಲ್ಲ, ಎಲ್ಲಿ ನೋಡಬೇಕು ಎಂಬ ತಿಳಿವಳಿಕೆ.

ಹಾಗಾಗಿ ದೈತ್ಯನ ಮೈಯನ್ನು ಭಾಗ ಮಾಡಿ. ಪ್ರತಿ ಕಾಲಿಗೂ 60 ಪಾಯಿಂಟ್ ಎಂದು ಬೇರೆ ಲೆಕ್ಕವಿರಲಿ. ಒಂದು ಕಾಲು ಮುರಿದರೆ ವೇಗ ಅರ್ಧ, ಎರಡೂ ಮುರಿದರೆ ದೈತ್ಯ ಮಂಡಿಯೂರುತ್ತಾನೆ. ಇತಿಹಾಸದಲ್ಲೂ ಇದಕ್ಕೆ ಆಧಾರವಿದೆ. ರೋಡ್ಸ್ ದ್ವೀಪದ ಸುಮಾರು 33 ಮೀಟರ್ ಎತ್ತರದ ಕಂಚಿನ ಪ್ರತಿಮೆ ಕ್ರಿ.ಪೂ. 226ರ ಭೂಕಂಪದಲ್ಲಿ ಮಂಡಿಯ ಬಳಿಯೇ ಮುರಿದು ಬಿದ್ದಿತ್ತು. ಬೆನ್ನ ಮೇಲೆ ಹತ್ತಲು ಹಳೆಯ ಏಣಿಯ ಗುರುತುಗಳಿರಲಿ, ಕುತ್ತಿಗೆಯಲ್ಲಿ ಬೀಗ ಹಾಕಿದ ಬಾಗಿಲಿರಲಿ. ಅದು ಕಳ್ಳನ ಪಾಲು. ಮಿಂಚು ತಗಲಿದರೆ ಒಂದೆರಡು ಸುತ್ತು ನಿಧಾನವಾಗಲಿ. ಅದು ಮಂತ್ರವಾದಿಯ ಪಾಲು. ಪುಸ್ತಕದಲ್ಲಿರುವ ಕಬ್ಬಿಣದ ಗೋಲೆಮ್ ಕೂಡ ಮಿಂಚಿಗೆ ಹೀಗೆಯೇ ಮಂದವಾಗುತ್ತದೆ. ಎದೆಯ ಮೇಲೆ ಕೆತ್ತಿದ ಆಜ್ಞೆಯನ್ನು ಓದುವುದು ಪೂಜಾರಿಯ ಪಾಲಾಗಲಿ.

ಇವೆಲ್ಲ ಆಟಗಾರರಿಗೆ ಗೊತ್ತಾಗುವ ಹಾಗಿರಬೇಕು. ಒಂದೇ ಸುಳಿವು ಕೊಟ್ಟರೆ ಕೈತಪ್ಪಬಹುದು, ಮೂರು ಕೊಡಿ. ಊರಿನ ಮುದುಕಿಯ ಕಥೆ, ಹಳೆಯ ನಕ್ಷೆ, ಹಿಮ್ಮಡಿಯಿಂದ ತೊಟ್ಟಿಕ್ಕುವ ಎಣ್ಣೆ. ದೊಡ್ಡ ಏಟಿಗೂ ಮುನ್ಸೂಚನೆ ಇರಲಿ. ಈ ಸುತ್ತಿನಲ್ಲಿ ದೈತ್ಯ ಕೈ ಎತ್ತಲಿ, ಮುಂದಿನ ಸುತ್ತಿನಲ್ಲಿ ಅಪ್ಪಳಿಸಲಿ. ನಡುವೆ ಸಿಗುವ ಅವಕಾಶದಲ್ಲೇ ಆಟದ ರೋಮಾಂಚನವಿದೆ.

ಒಬ್ಬನಿಗೆ ನಾಲ್ವರು

ಇನ್ನೊಂದು ತೊಡಕು. ಒಂದು ಸುತ್ತಿನಲ್ಲಿ ಆಟಗಾರರಿಗೆ ನಾಲ್ಕು ಸರದಿ, ದೈತ್ಯನಿಗೆ ಒಂದೇ. ಎಷ್ಟೇ ದೊಡ್ಡವನಾದರೂ ನಡುವೆ ಸುಮ್ಮನೆ ನಿಂತಿರುತ್ತಾನೆ. 2014ರಲ್ಲಿ ಬಂದ ಐದನೇ ಆವೃತ್ತಿ ಇದಕ್ಕೆ ‘ಲೆಜೆಂಡರಿ ಆ್ಯಕ್ಷನ್’ ಎಂಬ ಉಪಾಯ ತಂದಿತು. ಬೇರೆಯವರ ಸರದಿ ಮುಗಿದಾಗ ದೈತ್ಯ ಸಣ್ಣದೊಂದು ಕೆಲಸ ಮಾಡಬಹುದು. ಕಾಲು ಕುಟ್ಟಿ ನೆಲ ನಡುಗಿಸಬಹುದು, ದೋಣಿಯೊಂದನ್ನು ಎತ್ತಿ ಎಸೆಯಬಹುದು. ನಿಮ್ಮ ದೈತ್ಯನಿಗೂ ಇದನ್ನು ಕೊಡಿ.

ಮೇಜಿನ ಮೇಲೆ ತೋರಿಸುವುದಕ್ಕೆ ದುಬಾರಿ ಗೊಂಬೆ ಬೇಕಿಲ್ಲ. ನಕ್ಷೆಯಲ್ಲಿ ಒಂದು ಚೌಕಕ್ಕೆ 5 ಅಡಿ. ಕಲಾಸಲ್ ದೈತ್ಯ ಆಕ್ರಮಿಸುವುದು 30 ಅಡಿ, ಅಂದರೆ ಆರು ಚೌಕ ಉದ್ದ, ಆರು ಚೌಕ ಅಗಲ. ಒಂದು ಶೂ ಡಬ್ಬಿ ನೆಟ್ಟಗೆ ನಿಲ್ಲಿಸಿದರೆ ಆಯಿತು.

ಆಟದಾಚೆಗೆ

‘ಇದರಿಂದ ಕೆಲಸ ಸಿಗುತ್ತಾ?’ ಎಂದು ಮನೆಯಲ್ಲಿ ಕೇಳುತ್ತಾರೆ. ದೈತ್ಯನನ್ನು ನೋಡಿ ಯಾರೂ ನೇಮಕಾತಿ ಪತ್ರ ಕೊಡುವುದಿಲ್ಲ, ನಿಜ. ಆದರೆ ನಿಯಮ ಓದಿ, ಲೆಕ್ಕ ಹಾಕಿ, ಜನರ ಮುಂದಿಟ್ಟು, ಅವರ ಮುಖ ನೋಡಿ ತಿದ್ದುವುದು ಗೇಮ್ ಡಿಸೈನ್‌ನ ನಿತ್ಯದ ಕೆಲಸವೇ. 2023ರ ಜನವರಿಯಲ್ಲಿ ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತವಾಯಿತು. ಮೂಲವನ್ನು ಹೆಸರಿಸಿದರೆ ಸಾಕು, ಅದರ ಮೇಲೆ ನಿಮ್ಮದೇ ರಾಕ್ಷಸರನ್ನು ಕಟ್ಟಿ ಪ್ರಕಟಿಸಬಹುದು, ಮಾರಲೂಬಹುದು. ಕನ್ನಡದಲ್ಲೇ ಬರೆದರೂ ಅಡ್ಡಿಯಿಲ್ಲ. ಗೇಮ್ ಕಂಪನಿಯ ಸಂದರ್ಶನಕ್ಕೆ ಹೋಗುವವರಿಗೆ, ಮೂರು ಸಲ ಆಡಿಸಿ ತಿದ್ದಿದ ಒಂದು ಪುಟದ ರಾಕ್ಷಸ ತೋರಿಸಲು ಒಳ್ಳೆಯ ಮಾದರಿಯೇ.

ಇವತ್ತು ರಾತ್ರಿ ಒಂದು ಹಾಳೆ ತೆಗೆದುಕೊಳ್ಳಿ. ದೈತ್ಯನಿಗೆ ಕೊಟ್ಟ ಆಜ್ಞೆಯನ್ನು ಒಂದು ಸಾಲಿನಲ್ಲಿ ಬರೆಯಿರಿ. ಅದರ ಕೆಳಗೆ ನಿಮ್ಮ ಮೇಜಿನಲ್ಲಿ ಕೂರುವ ಗೆಳೆಯರ ಹೆಸರುಗಳನ್ನು ಬರೆದು, ಪ್ರತಿ ಹೆಸರಿನ ಎದುರು ಆ ದಿನ ಅವರು ಮಾಡಬಹುದಾದ ಒಂದು ಕೆಲಸ ಬರೆಯಿರಿ. ಯಾವ ಹೆಸರಿನ ಮುಂದೆಯೂ ಜಾಗ ಖಾಲಿ ಉಳಿಯದಿದ್ದರೆ ನಿಮ್ಮ ದೈತ್ಯ ಎದ್ದು ನಿಲ್ಲಲು ಸಿದ್ಧ.